ಕೇಳಿದರೆ ವಿಭೂತಿ ಅನ್ನು

ರಾಮಕೃಷ್ಣನಗರ, ಮೈಸೂರು
೫ ಜೂನ್ ೨೦೨೫

ಲೋ ಎಡ್ವಿನ್,

ಕೂತಿದ್ದರೆ ಎದ್ದು ನಿಂತು ಓದು. ಆಶೀರ್ವಾದ ಆಮೇಲೆ, ಅದೂ ನನಗೆ ಮನಸ್ಸಾದರೆ. ನಾಚಿಕೆಗೆಟ್ಟವನೇ, ನನ್ನ ಮೊಮ್ಮಗ ನಾಗಾರ್ಜುನ ಹೋಗಿ ಇಪ್ಪತ್ತು ತಿಂಗಳಾಯಿತು. ಅವನನ್ನು ಮಣ್ಣು ಮಾಡಿದ ಮಾರನೆಯ ದಿನ ಹೇಳದೆ ಕೇಳದೆ ಹೊರಟವನು ನೀನು. ಒಂದು ಫೋನಿಲ್ಲ, ಒಂದು ಕಾಗದವಿಲ್ಲ. ಈಗ ಅವನ ಬಂಡೆ ಹತ್ತುವ ಸಾಮಾನಿನ ಚೀಲವನ್ನು ನಿನ್ನ ತಂಗಿ ಸ್ಟೆಫಿಯ ಕೈಗೆ ಕೊಟ್ಟು ವಿಮಾನ ಹತ್ತಿಸಿದ್ದೀಯ. ಚೀಲಕ್ಕೆ ಮೈಸೂರಿನ ದಾರಿ ಗೊತ್ತಾಯಿತು, ನಿನಗೆ ಮರೆತುಹೋಯಿತೇ? ನನ್ನ ಅಡುಗೆಮನೆಯಲ್ಲಿ ನಾಗನ ಪಕ್ಕ ಕೂತು ರೊಟ್ಟಿ ಮುರಿದ ಕೈಗೆ ಎರಡು ಸಾಲು ಬರೆಯಲಾಗದಷ್ಟು ಏನಾಗಿದೆ?

ನೀನು ನಂಬರು ಬದಲಾಯಿಸಿದ್ದೀಯಂತೆ. ಭಾನುವಾರಕ್ಕೊಮ್ಮೆ ನಿನ್ನ ತಾಯಿಗೆ ನೀನೇ ಫೋನು ಮಾಡಿ ಎರಡು ನಿಮಿಷಕ್ಕೆ ಇಟ್ಟುಬಿಡುತ್ತೀಯಂತೆ. ಆರೋಗ್ಯಮ್ಮ ಚರ್ಚಿನಿಂದ ನೇರ ಇಲ್ಲಿಗೆ ಬಂದು ಅತ್ತು, ನಿನ್ನ ವಿಳಾಸ ಬರೆದುಕೊಟ್ಟು ಹೋದಳು. ನಾನು ಹಳ್ಳಿ ಸ್ಕೂಲಿನಲ್ಲಿ ನಾಲ್ಕನೇ ಕ್ಲಾಸಿನವರೆಗೆ ಓದಿದವಳು. ಒತ್ತಕ್ಷರ ತಪ್ಪಿದ್ದರೆ ತಿದ್ದಿಕೊಂಡು ಓದು.

ದಿಲ್ಲಿಯಲ್ಲಿ ಚೀಲ ಒಳಕ್ಕೆ ಹೋದಮೇಲೆ ಸ್ಟೆಫಿಯ ಹೆಸರು ಕೂಗಿ ಕರೆದರಂತೆ. ಜಿಪ್ಪು ತೆಗೆಸಿ, ಕೊಂಡಿಗಳನ್ನೆಲ್ಲ ಮೇಜಿನ ಮೇಲೆ ಹರಡಿ, ಇದೇನು ಅದೇನು ಅಂದರಂತೆ. ಆ ಹುಡುಗಿಗೆ ಒಂದರ ಹೆಸರಾದರೂ ಗೊತ್ತೇ? 'ಸತ್ತುಹೋದವರದ್ದು ಸಾರ್' ಅಂದುಬಿಟ್ಟಳಂತೆ. ಅಲ್ಲಿದ್ದ ಸೆಕ್ಯೂರಿಟಿಯವನು ಒಂದೊಂದನ್ನೇ ಎತ್ತಿ ಒಳಗಿಟ್ಟು ತಾನೇ ಜಿಪ್ಪು ಎಳೆದನಂತೆ.

ಮಂಡಕಳ್ಳಿ ವಿಮಾನ ನಿಲ್ದಾಣಕ್ಕೆ ನಾನೇ ಹೋಗಿದ್ದೆ, ಆಟೋ ಮಾಡಿಕೊಂಡು. ಮೃತ್ಯುಂಜಯ ಬರಲಿಲ್ಲ. ಎಷ್ಟಾದರೂ ಹೆತ್ತ ಅಪ್ಪ. 'ಆ ಚೀಲ ಈ ಹೊಸಲು ದಾಟಬಾರದು ಅವ್ವ' ಅಂದಿದ್ದ. ನನ್ನ ಮಗನಿಗೆ ನಾನು ಯಾವತ್ತು ಹೆದರಿದ್ದೇನೆ? ನಾಗನ ಕೋಣೆಯಲ್ಲಿ ಮಂಚದ ಕೆಳಗೆ ಇಟ್ಟಿದ್ದೇನೆ. ಮನೆ ಮುಂದೆ ಸಿಟಿ ಬಸ್ಸು ಹೋದರೆ ಒಳಗೆ ಕೊಂಡಿಗಳು ಕಣ್ ಅನ್ನುತ್ತವೆ. ಅವನು ಅದನ್ನೆಲ್ಲ ಸೊಂಟಕ್ಕೆ ನೇತುಹಾಕಿಕೊಂಡು ಎತ್ತಿನ ಹಾಗೆ ಸದ್ದು ಮಾಡುತ್ತ ನಡುಮನೆಗೆ ಬರುತ್ತಿದ್ದನಲ್ಲ, ಅದೇ ಸದ್ದು. ಮೊನ್ನೆ ಮಧ್ಯಾಹ್ನ ತಟ್ಟೆಯ ಮುಂದೆ ಕೂತಿದ್ದಾಗ ಕಣ್ ಅಂದಿತು. 'ಬಂದ್ಯೇನೋ?' ಅಂದುಬಿಟ್ಟೆ. ನನ್ನ ಸೊಸೆ ಸುಷ್ಮಾ ಅನ್ನ ಬಿಟ್ಟು ಎದ್ದು ಹೋದಳು. ಆಗ ಬಸ್ಸು ಯಾವುದೂ ಹೋಗಿರಲಿಲ್ಲ.

ಆ ಕೋಣೆಯ ಬಾಗಿಲ ಮೇಲಿನ ಅಡ್ಡಪಟ್ಟಿಗೆ ಅವನು ಬೆರಳು ಸಿಕ್ಕಿಸಿ ಬಾವಲಿಯ ಹಾಗೆ ತೂಗಾಡುತ್ತಿದ್ದದ್ದು ನಿನಗೆ ಗೊತ್ತು. ಎಂಟು ಬೆರಳಿನ ಬಿಳಿ ಗುರುತು ಅಲ್ಲಿ ಹಾಗೇ ಇದೆ. ಹೋದ ವರ್ಷ ಮನೆಗೆ ಬಣ್ಣ ಹೊಡೆಸಿದಾಗಲೂ ಅದೊಂದು ಗೇಣು ಜಾಗ ಮುಟ್ಟಲು ಸುಷ್ಮಾ ಬಿಡಲಿಲ್ಲ.

ಚೀಲ ಬಿಚ್ಚಿ ಎಲ್ಲ ತೆಗೆದು ನೋಡಿದೆ. ಹಗ್ಗ ಇದೆ, ಸೊಂಟದ ಪಟ್ಟಿ ಇದೆ, ಚಿಕ್ಕ ಮಕ್ಕಳದ್ದರ ಹಾಗಿರುವ ಬಿಗಿ ಬೂಟು ಇದೆ, ಕೊಂಡಿಗಳು ಹದಿನೆಂಟು. ಒಂದೇ ಒಂದು ಸಾಮಾನು ಮಾತ್ರ ಇಲ್ಲ. ಸೊಂಟದ ಹಿಂದೆ ಕಟ್ಟಿಕೊಳ್ಳುತ್ತಿದ್ದ ಬಿಳಿ ಪುಡಿಯ ಚೀಲ. ಅದರ ಬಾಯಿಗೆ ದಾರ ಪೋಣಿಸಿ ಹೊಲಿದುಕೊಟ್ಟವಳು ನಾನು. ಅದು ನನಗೆ ಬೇಕು. ಯಾಕೆ ಅಂತ ಕೇಳಬೇಡ. ಎಲ್ಲಿದೆ, ಬರಿ.

ಇಂತಿ,
ನಾಗನ ಅಜ್ಜಿ ದೇವೀರಮ್ಮ


ರಾಮಕೃಷ್ಣನಗರ, ಮೈಸೂರು
೨ ಜುಲೈ ೨೦೨೫

ಎಡ್ವಿನ್,

ಇಪ್ಪತ್ತೇಳು ದಿನ ಕಾದೆ. ಪೋಸ್ಟಿನವನು ಗೇಟಿನ ಮುಂದೆ ಗಾಡಿ ನಿಧಾನ ಮಾಡಿದರೆ ಸಾಕು, ಮೊಣಕಾಲು ನೋವು ಮರೆತು ಎದ್ದು ಹೋಗುತ್ತೇನೆ. ಬರುವುದೆಲ್ಲ ಮೃತ್ಯುಂಜಯನ ಹೆಸರಿನ ಸರ್ಕಾರಿ ಕಾಗದ. ನಿನ್ನ ಬಾಯಿಗೆ ಬೀಗ ಹಾಕಿದವರು ಯಾರೋ? ನಾವೇ ಇರಬೇಕು. ಸಮಾಧಿಯ ಹತ್ತಿರ ಅಷ್ಟು ಜನರ ಮುಂದೆ ಮೃತ್ಯುಂಜಯ ನಿನ್ನ ಅಂಗಿ ಹಿಡಿದು, 'ಹಗ್ಗ ಹಿಡಿದಿದ್ದೋನು ನೀನಲ್ವೇನೋ?' ಅಂದ. ನೀನು 'ಹೌದು ಅಂಕಲ್' ಅಂದೆ. ಅಷ್ಟೇ ಅಂದೆ. ಇನ್ನೊಂದು ಮಾತು ಆಡುತ್ತೀಯೆಂದು ನಾನು ಕಾದೇ ಕಾದೆ.

ಒಂದು ವಿಷಯಕ್ಕೆ ಮಾತ್ರ ನಿನ್ನನ್ನು ಬೈಯಲಾರೆ. ಪೆಟ್ಟಿಗೆ ಬೆಂಗಳೂರಿಗೆ ವಿಮಾನದಲ್ಲಿ ಬಂದು, ಅಲ್ಲಿಂದ ಗಾಡಿಯಲ್ಲಿ ಇಲ್ಲಿಗೆ ಬಂತು. ಬಿಚ್ಚಿದಾಗ ನಾಗನ ಹಣೆಯ ಮೇಲೆ ಮೂರು ಬೆರಳಿನ ವಿಭೂತಿ ಇತ್ತು. ನಮ್ಮವರನ್ನು ಕೂರಿಸಿ ಮಣ್ಣು ಮಾಡುತ್ತೇವೆ. ಅವನನ್ನು ಕೂರಿಸಲು ಬೆನ್ನು ಒಪ್ಪಲಿಲ್ಲ, ಮಲಗಿಸಿಯೇ ಮಾಡಿದೆವು. ಅಷ್ಟು ಕೆಟ್ಟುಹೋದದ್ದರಲ್ಲಿ ಹಣೆಯೊಂದು ಸರಿಯಾಗಿತ್ತು. ಅದು ನೀನೇ ಹಚ್ಚಿದ್ದು ಎಂದು ಆಸ್ಪತ್ರೆಗೆ ಹೋಗಿದ್ದ ಮೃತ್ಯುಂಜಯನೇ ಹೇಳಿದ. ಶಿಲುಬೆಯ ಮನೆಯ ಹುಡುಗ ಮೂರು ಬೆರಳು ತಪ್ಪದೆ ಎಳೆದಿದ್ದೆಯಲ್ಲ. ಆ ಹಿಮದ ಊರಿನಲ್ಲಿ ನಿನಗೆ ವಿಭೂತಿ ಎಲ್ಲಿ ಸಿಕ್ಕಿತೋ ಅಂತ ಎಷ್ಟೋ ಸಲ ಯೋಚಿಸಿದ್ದೆ.

ಈಗ ಗೊತ್ತಾಯಿತು. ಚೀಲದ ಪಕ್ಕದ ಜೇಬಿನಲ್ಲಿ ಕಾಗದ ಸುತ್ತಿದ ವಿಭೂತಿ ಗಟ್ಟಿ ಇತ್ತು, ಮೂಲೆ ಮುರಿದದ್ದು. ದೇವರ ಮುಂದೆ ಇಟ್ಟು ನಾಲ್ಕು ದಿನದಿಂದ ಅದನ್ನೇ ಹಚ್ಚಿಕೊಳ್ಳುತ್ತಿದ್ದೇನೆ. ಅಯ್ಯೋ, ಎಲ್ಲಿ ಕೊಂಡಿರೋ ಅದನ್ನು! ವಾಸನೆ ಇಲ್ಲ, ನುಣುಪಿಲ್ಲ, ಚರ್ಮ ಹಿಡಿದು ಎಳೆಯುತ್ತದೆ. ಯಾವನೋ ಸುಣ್ಣ ಕೊಟ್ಟು ಮೋಸ ಮಾಡಿದ್ದಾನೆ. ನಮ್ಮೂರ ಮಠದ್ದು ಹಚ್ಚಿ ನೋಡು, ಬೆಣ್ಣೆ.

ವಿಭೂತಿ ಅಂದಮೇಲೆ ನೆನಪಾಯಿತು. ಆ ಹಿಂದಿನ ಸಲ ನೀವಿಬ್ಬರೂ ವಿಮಾನದಲ್ಲಿ ಹೋಗಿಬಂದು, ಇಲ್ಲಿ ಊಟಕ್ಕೆ ಕೂತಾಗ ನಾಗ ಹೇಳಿದ ಕಥೆ.

'ಅಜ್ಜಿ, ಕಬ್ಬಿಣ ಎಲ್ಲ ಕೆಳಗಿನ ಲಗೇಜಿಗೆ ಹಾಕಿದ್ವಿ. ಪುಡಿ ಚೀಲ ಒಂದು ಕೈಲಿತ್ತು. ಬಿಳಿ ಪುಡಿ ನೋಡಿದ್ದೇ ತಡ, ಸೆಕ್ಯೂರಿಟಿಯವನ ಕಣ್ಣು ಇಷ್ಟಗಲ ಆಯ್ತು. ಏನಿದು ಅಂದ. ವಿಭೂತಿ ಸಾರ್, ನಮ್ಮಜ್ಜಿ ಕೊಟ್ಟಿದ್ದು ಅಂದೆ.'

'ಸೀಮೆಸುಣ್ಣಾನ ವಿಭೂತಿ ಅಂದ್ಯೇನೋ?'

'ಅವನು ಕಣ್ಣಿಗೊತ್ಕೊಂಡು ಹಣೆಗಿಟ್ಕೊಂಡು ಹೋಗಿ ಹೋಗಿ ಅಂದ ಅಜ್ಜಿ!'

ನೀನು ನಕ್ಕು ನಕ್ಕು ಮಜ್ಜಿಗೆ ಮೂಗಿಗೆ ಹತ್ತಿಸಿಕೊಂಡೆ. ನಾನು ಸೌಟಿನಲ್ಲಿ ನಾಗನ ಬೆನ್ನಿಗೆ ಒಂದು ಕೊಟ್ಟೆ. 'ಶಿವನ ಹೆಸರಲ್ಲಿ ಸುಳ್ಳು ಹೇಳ್ತೀಯಾ? ಆ ಪುಡಿ ಯಾತಕ್ಕೋ ನಿಂಗೆ?' ಅಂದರೆ, 'ಹೋದ ದಾರಿ ಗುರುತು ಸಿಗಲಿ ಅಂತ ಅಜ್ಜಿ, ಬಂಡೆ ಮೇಲೆ ಬಿಳೀ ಕೈ ಮೂಡ್ತದೆ' ಅಂದ. ಸೀಮೆಸುಣ್ಣ ತಾನೇ, ಬರೆಯೋಕೇ ಇರಬೇಕು ಅಂತ ನಾನೂ ಒಪ್ಪಿದೆ. ಸುಳ್ಳು ಮಾತ್ರ ಗಂಟಲಲ್ಲಿ ಮುಳ್ಳಿನ ಹಾಗೆ ಉಳಿಯಿತು. ಅದಕ್ಕೆ ನಾನೊಂದು ಉಪಾಯ ಮಾಡಿದೆ. ಅದು ನನಗೂ ದೇವರಿಗೂ ಇರಲಿ.

ಕೊನೆಯ ಸಲ ನಾನು ಮಂಡಕಳ್ಳಿಗೆ ಬಂದದ್ದು ಜ್ಞಾಪಕ ಇದೆಯಾ? ನಾನು ಗಾಜಿನ ಆಚೆ. ಚೀಲ ತೂಗಿದಾಗ ಮೂರು ಕೆಜಿ ಜಾಸ್ತಿ ಬಂತು. ಅಲ್ಲೇ ನೆಲದ ಮೇಲೆ ಬಿಚ್ಚಿ ಹಗ್ಗ ಹೊರಗೆ ತೆಗೆದಿರಿ. ನೀನು ಅದನ್ನು ಮದುವೆ ಹಾರದ ಹಾಗೆ ಕೊರಳಿಗೆ ಹಾಕಿಕೊಂಡು ನನ್ನ ಕಡೆ ತಿರುಗಿ ಹಲ್ಲು ಬಿಟ್ಟೆ. 'ಲೋ, ಹಗ್ಗ ಕೊರಳಿಗೆ ಹಾಕ್ಕೋಬೇಡ್ರೋ' ಅಂತ ಕೂಗಿದೆ. ಗಾಜಿನಲ್ಲಿ ಕೇಳಲಿಲ್ಲ. ನಾಗ ಕೈ ಬೀಸಿದ. ಅವನ ಇನ್ನೊಂದು ಕೈಯಲ್ಲಿ ಆ ಪುಡಿ ಚೀಲ ಇತ್ತು. ನನಗೆ ಇನ್ನೂ ಕಾಣುತ್ತದೆ.

ಏನಾಯಿತು ಅಂತ ಇವತ್ತಿನವರೆಗೆ ಯಾರೂ ನನಗೆ ಹೇಳಿಲ್ಲ. ಕಂಡವನು ನೀನೊಬ್ಬ. ಬರಿ.

ಇಂತಿ,
ದೇವೀರಮ್ಮ


ಮನಾಲಿ ಹತ್ತಿರದ ಶಿಬಿರದಿಂದ
೨೪ ಜುಲೈ ೨೦೨೫

ಅಜ್ಜಿಗೆ ಎಡ್ವಿನ್ ಮಾಡುವ ನಮಸ್ಕಾರ.

ಎದ್ದು ನಿಂತೇ ಓದಿದೆ. ಎರಡನ್ನೂ. ಬೈಗುಳ ಕೇಳಿ ಎಷ್ಟು ದಿನವಾಗಿತ್ತು.

ಚೀಲ ಕಳಿಸಿದ್ದು ಯಾಕೆಂದರೆ, ಇಲ್ಲಿ ಹತ್ತಲು ಕಲಿಯುವ ಮಕ್ಕಳು ಸಾಮಾನು ಕಡಿಮೆ ಬಿದ್ದಾಗ ಅದನ್ನು ಎಳೆದುಕೊಳ್ಳುತ್ತಿದ್ದರು. ಅವನ ಪಟ್ಟಿಯನ್ನು ಬೇರೆಯವರ ಸೊಂಟದಲ್ಲಿ ನೋಡಲಾಗಲಿಲ್ಲ. ಹೋದಲ್ಲೆಲ್ಲ ಜೊತೆಗೆ ಒಯ್ದು ನೋಡಿದೆ. ವಿಮಾನದಲ್ಲಿ ಪ್ರತಿ ಸಲವೂ ಬಿಚ್ಚಿಸಿ, ಇದು ಯಾರದ್ದು ಎನ್ನುತ್ತಾರೆ. ನನ್ನದು ಎನ್ನಬೇಕಾಗುತ್ತಿತ್ತು.

ಏನಾಯಿತೆಂದು ಕೇಳಿದ್ದೀರಿ. ಬರೆಯುತ್ತೇನೆ. ಬಂಡೆ ಹತ್ತುವವನು ಹಗ್ಗವನ್ನು ತನ್ನ ಜೊತೆ ಮೇಲಕ್ಕೆ ಎಳೆದುಕೊಂಡು ಹೋಗುತ್ತಾನೆ. ದಾರಿಯಲ್ಲಿ ಬಂಡೆಗೆ ಹೊಡೆದಿರುವ ಮೊಳೆಗಳಿಗೆ ಕೊಂಡಿ ಹಾಕಿ ಹಗ್ಗ ತೂರಿಸುತ್ತಾನೆ. ಕೆಳಗಿರುವವನು ಬೇಕಾದಷ್ಟು ಹಗ್ಗ ಬಿಡಬೇಕು, ಬಿದ್ದರೆ ಹಿಡಿಯಬೇಕು. ಬೇರೆಯವರೆಲ್ಲ ಇದಕ್ಕೆ ಇಂಗ್ಲಿಷಿನಲ್ಲಿ ಕೂಗುತ್ತಾರೆ. ನಾಗನಿಗೂ ನನಗೂ ಮೊದಲಿನಿಂದ ಎರಡೇ ಮಾತು. ಸಡಿಲ ಬೇಕಾದರೆ 'ಬುಡು'. ಬಿಗಿ ಬೇಕಾದರೆ 'ಹಿಡಿ'.

ಅವತ್ತು ಮೇಲಿನ ಕೊಂಡಿಗೆ ಹಗ್ಗ ತೂರಿಸಲು ಒಂದು ಕೈ ಎತ್ತಿ 'ಬುಡೋ' ಅಂದ. ಬಿಟ್ಟೆ. ಎರಡು ಮಾರು ಬಿಟ್ಟೆ. ಆಗ ಬಂಡೆ ಹಿಡಿದಿದ್ದ ಇನ್ನೊಂದು ಕೈ ಜಾರಿತು. ನಾನು ಹಗ್ಗ ಕೈಬಿಡಲಿಲ್ಲ ಅಜ್ಜಿ. ಹಿಡಿದೆ, ಹಗ್ಗವೂ ಹಿಡಿಯಿತು. ಆದರೆ ನಾನು ಬಿಟ್ಟ ಎರಡು ಮಾರು ಮುಗಿಯುವುದಕ್ಕೆ ಮುಂಚೆ ಕೆಳಗೆ ಚಾಚಿಕೊಂಡಿದ್ದ ಕಲ್ಲು ಸಿಕ್ಕಿತು. ಒಂದು ಮಾರು ಬಿಟ್ಟಿದ್ದರೆ ಸಾಕಿತ್ತು. ಅಂಕಲ್ ಕೇಳಿದ್ದು ಸರಿ. ನಾನು ಹೇಳಿದ್ದೂ ಸರಿ.

ಮೈಸೂರಿಗೆ ಹೇಗೆ ಬರಲಿ? ಅಲ್ಲಿ ಎಲ್ಲರ ಬಾಯಲ್ಲೂ ಅದೇ ಮಾತು. ಬಸ್ಸಿನಲ್ಲಿ 'ಜಾಗ ಬುಡಿ'. ಅಂಗಡಿಯಲ್ಲಿ 'ಹೋಗ್ಲಿ ಬುಡಿ ಸಾರ್'. ಅಮ್ಮ ಫೋನಿನಲ್ಲಿ 'ಆಗಿದ್ದಾಯ್ತು ಬುಡಪ್ಪ' ಅನ್ನುತ್ತಾಳೆ. ಆ ಮಾತು ಬರುತ್ತದೆ ಎಂದು ಗೊತ್ತಾದ ಕೂಡಲೇ ಫೋನು ಇಡುತ್ತೇನೆ. ಇಲ್ಲಿ ಯಾರಿಗೂ ಆ ಮಾತು ಬರುವುದಿಲ್ಲ. ಅಷ್ಟಕ್ಕೇ ಇಲ್ಲಿದ್ದೇನೆ.

ಪುಡಿ ಚೀಲ ಅವತ್ತೇ ಹೊಳೆಗೆ ಬಿದ್ದುಹೋಯಿತು. ಹುಡುಕಿಸಬೇಡಿ.

ನಿಮ್ಮ,
ಎಡ್ವಿನ್


ರಾಮಕೃಷ್ಣನಗರ, ಮೈಸೂರು
೧೧ ಆಗಸ್ಟ್ ೨೦೨೫

ಎಡ್ವಿನ್,

ನಿನ್ನ ಕಾಗದವನ್ನು ಮೂರು ಸಲ ಓದಿಕೊಂಡೆ. ನಾಲ್ಕನೆಯ ಸಲ ಮೃತ್ಯುಂಜಯನ ಕೈಗೆ ಕೊಟ್ಟೆ. ಓದಿ ಮಡಿಸಿ ಜೇಬಿಗಿಟ್ಟುಕೊಂಡ. ಒಂದು ಮಾರು ಎಂದರೆ ಎಷ್ಟು ಎಂದು ಅಳೆಯಲು ಎರಡು ಕೈ ಅಗಲ ಮಾಡಿ, ಹಾಗೇ ನಿಂತಿದ್ದ.

ಈಗ ನಾನು ಕೇಳುವುದಕ್ಕೆ ಅಡ್ಡಮಾತು ಹೇಳಬೇಡ.

ಆ ವಿಭೂತಿ ಗಟ್ಟಿಯ ಮೇಲಿನ ಕಾಗದದಲ್ಲಿ ಇಂಗ್ಲಿಷ್ ಅಕ್ಷರ ಇತ್ತು. ಹೋದ ಸೋಮವಾರ ನಾನು ಪೂಜೆ ಮಾಡುತ್ತಿದ್ದಾಗ ಮೃತ್ಯುಂಜಯ ಅದನ್ನು ಎತ್ತಿ ಓದಿದ.

'ಅವ್ವ, ಇದನ್ನ ಹಣೆಗೆ ಹಚ್ಕೊಂಡಿದ್ದೀಯಾ? ಇದು ವಿಭೂತಿ ಅಲ್ಲ ಕಣವ್ವ. ಬಂಡೆ ಹತ್ತೋರ ಚಾಕ್, ಸೀಮೆಸುಣ್ಣದಂಥದ್ದು. ಕೈ ಬೆವರಿ ಜಾರದೆ ಇರ್ಲಿ ಅಂತ ಹಚ್ಕೊಳ್ಳೋದು.'

'ಗುರುತಿಗಲ್ವೇನೋ?'

'ಯಾವ ಗುರುತು? ಹಿಡಿತಕ್ಕೆ. ಇದಿದ್ರೇನೇ ಕೈ ಕಚ್ಕೊಳ್ಳೋದು.'

ಸುಷ್ಮಾ ಹಿಂದೆ ನಿಂತು ನಗುತ್ತಿದ್ದಳು. ನಾಗ ಹೋದಮೇಲೆ ಅವಳು ನಕ್ಕದ್ದನ್ನು ನಾನು ನೋಡಿದ್ದು ಅದೇ ಮೊದಲು. ಅತ್ತೆ ತಿಂಗಳಿಂದ ಸೀಮೆಸುಣ್ಣಕ್ಕೆ ಕೈ ಮುಗಿದಿದ್ದಾರೆ ಅಂದಳು. ನಾನೂ ನಕ್ಕೆ. ನಗುತ್ತ ನಗುತ್ತ ಅಲ್ಲೇ ಗೋಡೆ ಹಿಡಿದು ಕೂತೆ.

ಅವತ್ತಿನಿಂದ ನಾನು ಹಣೆಗೆ ಏನೂ ಹಚ್ಚಿಲ್ಲ. ಏಳು ವರ್ಷದವಳಿದ್ದಾಗಿಂದ ಬರಿಯ ಹಣೆಯಲ್ಲಿ ನೀರು ಕುಡಿದವಳಲ್ಲ ನಾನು. ಪಕ್ಕದ ಮನೆಯ ಭಾಗ್ಯಮ್ಮ ಕಾಂಪೌಂಡಿನ ಆಚೆಯಿಂದ 'ಯಾಕ್ರೀ, ಹುಷಾರಿಲ್ವಾ?' ಅಂದಳು. ನಿನ್ನ ಕೆಲಸ ನೋಡ್ಕೋ ಅಂದೆ.

ಒಂದೇ ಪ್ರಶ್ನೆ. ಅವತ್ತು ಬಂಡೆ ಹತ್ತುವಾಗ ನಾಗನ ಪುಡಿ ಚೀಲದಲ್ಲಿ ಇದ್ದದ್ದೇನು? ಅದಕ್ಕೆ ವಾಸನೆ ಇತ್ತೇ? ನೀನು ಅವನ ಹಣೆಗೆ ಹಚ್ಚಿದ್ದು ಎಲ್ಲಿಂದ ತೆಗೆದದ್ದು?

ಮೂರಾಯಿತು. ಆದರೂ ಒಂದೇ.

ದೇವೀರಮ್ಮ


ಮನಾಲಿ ಹತ್ತಿರದ ಶಿಬಿರದಿಂದ
೩೦ ಆಗಸ್ಟ್ ೨೦೨೫

ಅಜ್ಜಿಗೆ ನಮಸ್ಕಾರ.

ಚೀಲದಲ್ಲಿ ಇದ್ದದ್ದು ಬರೀ ಚಾಕ್ ಪುಡಿ. ಅಂಗಡಿಯದ್ದು. ವಾಸನೆ ಏನೂ ಇರಲಿಲ್ಲ. ಆಸ್ಪತ್ರೆಯಲ್ಲಿ ವಿಭೂತಿ ಸಿಗದೆ ಆ ಗಟ್ಟಿಯ ಮೂಲೆಯನ್ನೇ ಮುರಿದು ಹಚ್ಚಿದೆ, ಕ್ಷಮಿಸಿ. ಅವನ ಕೈ ಜಾರಿದ್ದು ಚಳಿಗೆ. ಬಿದ್ದದ್ದು ನಾನು ಜಾಸ್ತಿ ಹಗ್ಗ ಬಿಟ್ಟದ್ದಕ್ಕೆ. ಬೇರೆ ಯಾವ ಕಾರಣವೂ ಇಲ್ಲ. ಯಾರು ಕೇಳಿದರೂ ನಾನು ಹೇಳುವುದು ಇಷ್ಟೇ.

ದಯವಿಟ್ಟು ಹಣೆಗೆ ವಿಭೂತಿ ಹಚ್ಚಿಕೊಳ್ಳಿ ಅಜ್ಜಿ. ಇನ್ನು ಕೇಳಬೇಡಿ.

ಎಡ್ವಿನ್


ರಾಮಕೃಷ್ಣನಗರ, ಮೈಸೂರು
೧೩ ಸೆಪ್ಟೆಂಬರ್ ೨೦೨೫

ಎಡ್ವಿನ್, ಮಗನೇ,

ನಿನಗೆ ಸುಳ್ಳು ಹೇಳಲು ಬರುವುದಿಲ್ಲ. ನಾಗನಿಗೆ ಬರುತ್ತಿತ್ತು, ಕಣ್ಣು ಮಿಟುಕಿಸದೆ ಹೇಳುತ್ತಿದ್ದ. ನೀನು ಮಜ್ಜಿಗೆ ಮೂಗಿಗೆ ಹತ್ತಿಸಿಕೊಳ್ಳುವವನು.

ಚೀಲದಲ್ಲಿ ಬರೀ ಚಾಕ್ ಪುಡಿ ಇರಲು ಸಾಧ್ಯವೇ ಇಲ್ಲ. ಯಾಕೆಂದರೆ ನೀವು ಹೊರಡುವ ದಿನ ಬೆಳಿಗ್ಗೆ, ನಾಗ ಸ್ನಾನಕ್ಕೆ ಹೋಗಿದ್ದಾಗ, ಅದರಲ್ಲಿದ್ದ ಪುಡಿಯನ್ನೆಲ್ಲ ದಾಸವಾಳದ ಬುಡಕ್ಕೆ ಸುರಿದವಳು ನಾನು. ನಮ್ಮೂರ ಮಠದ ವಿಭೂತಿ ಎರಡು ಗಟ್ಟಿ ಕುಟ್ಟಿ, ಬಟ್ಟೆಯಲ್ಲಿ ಜರಡಿ ಹಿಡಿದು, ಕಂಠದವರೆಗೆ ತುಂಬಿ, ನಾನು ಹೊಲಿದ ದಾರವನ್ನೇ ಎಳೆದು ಕಟ್ಟಿದೆ. ಉಪಾಯ ಅಂದೆನಲ್ಲ, ಅದೇ. ಸೆಕ್ಯೂರಿಟಿಯವನು ಕೇಳಿದರೆ ಹುಡುಗ ವಿಭೂತಿ ಅನ್ನುತ್ತಾನೆ, ಈ ಸಲ ಅದು ಸುಳ್ಳಾಗಬಾರದು. ಗುರುತಿಗೆ ತಾನೇ, ಬಂಡೆಯ ಮೇಲೆ ಸೀಮೆಸುಣ್ಣದ ಕೈ ಮೂಡುವ ಬದಲು ಶಿವನ ಕೈ ಮೂಡಲಿ. ಇಷ್ಟು ಯೋಚಿಸಿ, ಎಷ್ಟು ಬುದ್ಧಿವಂತಳು ನಾನು ಅಂತ ದಿನವೆಲ್ಲ ಹಿಗ್ಗಿದ್ದೆ.

ಮೊನ್ನೆ ಮಧ್ಯಾಹ್ನ ಮನೆಯಲ್ಲಿ ಯಾರೂ ಅಡುಗೆಮನೆಯ ಕಡೆ ಇಲ್ಲದಾಗ ಪರೀಕ್ಷೆ ಮಾಡಿದೆ. ಒರಳಿನ ಗುಂಡಿನ ತುದಿಯನ್ನು, ಆ ಗಟ್ಟಿಯ ಪುಡಿ ಹಚ್ಚಿದ ಬೆರಳಲ್ಲಿ ಹಿಡಿದು ಎತ್ತಿದೆ. ಎಪ್ಪತ್ತಾರು ವರ್ಷದ ಕೈ, ಎತ್ತಿತು. ಕೈ ತೊಳೆದು ಒರೆಸಿ, ವಿಭೂತಿಯಲ್ಲಿ ಅದ್ದಿ ಮತ್ತೆ ಹಿಡಿದೆ. ಬೆಣ್ಣೆ ಅಂದಿದ್ದೆನಲ್ಲ. ಗುಂಡು ಬೆರಳು ಬಿಡಿಸಿಕೊಂಡು ಬಿತ್ತು. ನೆಲದ ಟೈಲು ಸೀಳಿಹೋಯಿತು. ಸುಷ್ಮಾ ಓಡಿಬಂದು, 'ಏನತ್ತೆ ಬಿದ್ದಿದ್ದು?' ಅಂದಳು.

'ಏನಿಲ್ಲ ಬುಡು' ಅಂದೆ.

ಅಂದಮೇಲೆ ನನ್ನ ಬಾಯಿಂದ ಬಂದದ್ದು ನನಗೇ ಕೇಳಿಸಿತು. ನೀನು ಎಲ್ಲಿ ಬದುಕುತ್ತಿದ್ದೀಯ ಅಂತ ಆಗ ಅರ್ಥವಾಯಿತು ಕಣೋ.

ಇನ್ನು ಹಣೆಯ ವಿಷಯ. ಗಟ್ಟಿಯ ಮೂಲೆ ಮುರಿದು ಹಚ್ಚಿದೆ ಅನ್ನುತ್ತೀಯ. ಪೆಟ್ಟಿಗೆ ಬಿಚ್ಚಿದಾಗ ಎಲ್ಲರಿಗಿಂತ ಮುಂಚೆ ಬಗ್ಗಿ ಅವನ ಹಣೆಗೆ ಮುಖ ಇಟ್ಟವಳು ನಾನು. ಔಷಧಿ ವಾಸನೆಯ ಮಧ್ಯೆ ನಮ್ಮೂರ ಮಠದ ವಾಸನೆ ಬಂತು. ಅಳುವಿನಲ್ಲಿ ಇದು ನನ್ನ ಮೈಯ ವಾಸನೆಯೇ ಇರಬೇಕು ಅಂದುಕೊಂಡೆ. ಈಗ ಹೇಳು, ಮನಾಲಿಯ ಆಸ್ಪತ್ರೆಗೆ ನಮ್ಮೂರ ಮಠದ ವಿಭೂತಿ ಯಾವ ದಾರಿಯಲ್ಲಿ ಬಂತು? ಆ ಚೀಲದಲ್ಲಿ ಬಂತು. ಅದು ಹೊಳೆಗೆ ಬಿದ್ದಿಲ್ಲ. ನಿನ್ನ ಹತ್ತಿರವೇ ಇದೆ. ನಿನಗೆ ಅವತ್ತೇ ಗೊತ್ತಿತ್ತು.

ಗೊತ್ತಿದ್ದೂ ಮೃತ್ಯುಂಜಯ ಅಂಗಿ ಹಿಡಿದಾಗ 'ಹೌದು ಅಂಕಲ್' ಅಂದೆ. ನಾನು ಅಲ್ಲೇ ಎರಡು ಹೆಜ್ಜೆ ದೂರದಲ್ಲಿದ್ದೆ. ನೀನು ನನ್ನ ಕಡೆ ಒಂದು ಸಲ ನೋಡಿದೆ. ತಪ್ಪು ಮಾಡಿದವನ ನೋಟ ಅಂದುಕೊಂಡು ಮುಖ ತಿರುಗಿಸಿದೆ. ಚೀಲದ ಸಾಮಾನೆಲ್ಲ ಕಳಿಸಿದವನು ಅದೊಂದನ್ನು ಯಾಕೆ ಇಟ್ಟುಕೊಂಡೆ ಅಂತ ಈಗ ತಿಳಿಯಿತು. ನಾನು ಬಿಚ್ಚಿ ಮೂಸಿ ನೋಡಬಾರದು ಅಂತ. ನಿನ್ನ ತಾಯಿ ಪ್ರತಿ ಭಾನುವಾರ ಎರಡು ನಿಮಿಷಕ್ಕಾಗಿ ವಾರವೆಲ್ಲ ಕಾಯುತ್ತಾಳೆ. ಅವಳ ಮಗನನ್ನು ಅಲ್ಲಿ ಹಿಡಿದಿಟ್ಟಿರುವುದು ಬರೀ ಒಂದು ಮಾತಲ್ಲ, ನನ್ನ ಬೂದಿಯೂ ಹೌದು. ಮುದುಕಿಯನ್ನು ಕಾಪಾಡಲು ನಿನ್ನನ್ನು ಯಾರು ಕೇಳಿದ್ದರು? ಯಾರು ಕೇಳಿದ್ದರೋ ಕತ್ತೆ?

ಮನೆಯಲ್ಲಿ ಹೇಳಿದೆ. ಮೃತ್ಯುಂಜಯನನ್ನೂ ಸುಷ್ಮಾಳನ್ನೂ ಕೂರಿಸಿ, ದಾಸವಾಳದ ಬುಡದಿಂದ ಶುರುಮಾಡಿ ಎಲ್ಲ ಹೇಳಿದೆ. ಸುಷ್ಮಾ ಅವತ್ತಿನಿಂದ ಹೊತ್ತು ಹೊತ್ತಿಗೆ ಬಡಿಸುತ್ತಾಳೆ, ಮಾತಾಡುವುದಿಲ್ಲ. ಅದು ಅವಳ ಹಕ್ಕು. ಮೃತ್ಯುಂಜಯ ನಾಗನ ಕೋಣೆಯ ಬಾಗಿಲಲ್ಲಿ ಸ್ಟೂಲು ಹಾಕಿಕೊಂಡು ಹತ್ತಿ, ಆ ಎಂಟು ಬೆರಳಿನ ಗುರುತಿನ ಮೇಲೆ ತನ್ನ ಬೆರಳಿಟ್ಟು ತುಂಬ ಹೊತ್ತು ನಿಂತಿದ್ದ. ಕೆಳಗಿಳಿದು, 'ಅವನಿಗೆ ಬರೋಕೆ ಹೇಳವ್ವ' ಅಂದ. ಮಂಚದ ಕೆಳಗೆ ಚೀಲ ಈಗಲೂ ಕಣ್ ಅನ್ನುತ್ತದೆ. ಬಂದೆಯಾ ಅಂತ ಕೇಳುವ ಧೈರ್ಯ ನನಗೆ ಇಲ್ಲ.

ಹಗ್ಗವೋ ಬೂದಿಯೋ ಚಳಿಯೋ, ಅದನ್ನು ಕಾಗದದಲ್ಲಿ ತೀರ್ಮಾನ ಮಾಡುವುದು ಬೇಡ. ನನಗೆ ತಿಳಿಯಬೇಕಾದದ್ದು ಬೇರೆ. ಕೆಳಗೆ ನಿಂತು ಚೀಲಕ್ಕೆ ಮೊದಲ ಸಲ ಕೈ ಹಾಕಿದಾಗ ಅವನಿಗೆ ವಾಸನೆ ಬಂದಿರಲೇಬೇಕು. ಏನಂದ? ನಕ್ಕನೇ? ಅಜ್ಜಿಯ ಕೆಲಸ ಅಂದನೇ? ಗೊತ್ತಿದ್ದೂ ಹತ್ತಿದನೇ? ಅದನ್ನು ನೀನು ಬರೆಯಕೂಡದು. ನನ್ನ ಎದುರು ಕೂತು, ನನ್ನ ಮುಖ ನೋಡಿಕೊಂಡು ಹೇಳಬೇಕು. ಸುಳ್ಳಾದರೆ ನನಗೆ ಗೊತ್ತಾಗುತ್ತದೆ. ನಿನ್ನ ಮುಂದೆ ಈ ಮನೆಯಲ್ಲಿ ಯಾರೂ ಆ ಎರಡಕ್ಷರ ಆಡದ ಹಾಗೆ ನೋಡಿಕೊಳ್ಳುತ್ತೇನೆ. ನನ್ನ ನಾಲಿಗೆಯೇ ತಪ್ಪಿದರೆ ಮಾತ್ರ ಸಹಿಸಿಕೋ, ಎಪ್ಪತ್ತಾರು ವರ್ಷದ ಅಭ್ಯಾಸ.

ಪುಡಿ ಚೀಲವನ್ನು ಕೆಳಗಿನ ಲಗೇಜಿಗೆ ಹಾಕಬೇಡ, ಕೈಯಲ್ಲೇ ಹಿಡಿದುಕೊಂಡು ಬಾ. ಹಗ್ಗ ಗಿಗ್ಗ ಕೊರಳಿಗೆ ಹಾಕಿಕೊಂಡು ಬಂದರೆ ಮಂಡಕಳ್ಳಿಯಲ್ಲೇ ಬಾರಿಸುತ್ತೇನೆ. ಈ ಸಲ ಗಾಜಿನ ಆಚೆಯಲ್ಲ, ನೀನು ಹೊರಗೆ ಬರುವ ಬಾಗಿಲಲ್ಲೇ ನಿಂತಿರುತ್ತೇನೆ, ನಿನ್ನ ತಾಯಿಯನ್ನೂ ಕರೆದುಕೊಂಡು. ಹಣೆ ಬರಿದಾಗಿಯೇ ಬರುತ್ತೇನೆ. ಆ ಚೀಲದಲ್ಲಿ ಉಳಿದಿರುವುದನ್ನು ನೀನೇ ನಿನ್ನ ಬೆರಳಲ್ಲಿ ಹಚ್ಚುವುದಾದರೆ ಹಚ್ಚು. ಇಲ್ಲದಿದ್ದರೆ ಇನ್ನು ಹೀಗೇ ಇರುತ್ತೇನೆ. ಆಶೀರ್ವಾದವನ್ನೂ ಇದರಲ್ಲಿ ಬರೆಯುವುದಿಲ್ಲ, ತಲೆ ಬಗ್ಗಿಸಿ ಈಸಿಕೋ.

ಬಿಳಿ ಪುಡಿ ಕಂಡು ಸೆಕ್ಯೂರಿಟಿಯವನು ತಡೆಯುತ್ತಾನೆ. ಕೇಳಿದರೆ ವಿಭೂತಿ ಅನ್ನು, ನಮ್ಮಜ್ಜಿ ಕೊಟ್ಟದ್ದು ಅನ್ನು. ಸುಳ್ಳಲ್ಲ.

ಯಾವ ದಿನ, ಯಾವ ವಿಮಾನ ಎಂದು ಮುಂದಿನ ತಿಂಗಳು ಹುಟ್ಟುವುದರೊಳಗೆ ನನಗೆ ಬರೆದು ತಿಳಿಸು.

ನಿನ್ನ ಅಜ್ಜಿ,
ದೇವೀರಮ್ಮ